ನೂಲಿಗಾಗಿ ಹುಟ್ಟಿದ ಎಸಿ, ಕಾರಿಗೆ ಬಂದ ಕಥೆ: ಬಿನ್ನಿಪೇಟೆಯಿಂದ ಒಂದು ಸೆನ್ಸರ್‌ನ ಚರಿತ್ರೆ



ಇವತ್ತು ಒಂದು ಸಣ್ಣ ಪ್ರಶ್ನೆಯಿಂದ ಶುರು ಮಾಡೋಣ. ನಿಮ್ಮ ಮನೆಯ ಹಳೇ ಕಾರಿನ ಎಸಿ ತಣ್ಣಗಾಗ್ತಿಲ್ಲ. ಮೊದಲು ಏನು ನೋಡ್ತೀರಿ? ಹತ್ತರಲ್ಲಿ ಎಂಟು ಜನ ‘ಗ್ಯಾಸ್ ಹಾಕ್ಸಿ’ ಅಂತಾರೆ. ಉಳಿದಿಬ್ಬರು ‘ಕಂಪ್ರೆಸರ್ ಹೋಗಿದೆ, ಬದಲಾಯಿಸಿ’ ಅಂತಾರೆ. ಕಡಲೆಕಾಳಿನಷ್ಟು ಇರೋ ಒಂದು ಸೆನ್ಸರ್ ಬಗ್ಗೆ ಯಾರೂ ಮಾತಾಡೋದಿಲ್ಲ. ಆದರೆ ಕಂಪ್ರೆಸರ್ ಓಡಬೇಕಾ, ನಿಲ್ಲಬೇಕಾ ಅನ್ನೋದನ್ನ ಕಾರು ತೀರ್ಮಾನ ಮಾಡೋದು ಆ ಸೆನ್ಸರ್ ಹೇಳಿದ ಮಾತಿನ ಮೇಲೆ.

ಇದು ಕಾರ್ ರಿಪೇರಿ ಚಾನೆಲ್ ಅಲ್ಲ, ಚರಿತ್ರೆಯ ಪಾಡ್‌ಕಾಸ್ಟ್. ಹಾಗಿದ್ದೂ ಈ ವಿಷಯ ಯಾಕೆ ಅಂದ್ರೆ, ಗಾಳಿಯ ಬಿಸಿ, ತೇವ ಅಳೆದು ಅದಕ್ಕೆ ತಕ್ಕ ಹಾಗೆ ಮಷೀನು ನಡೆಸೋ ವಿದ್ಯೆ ಕಾರಿನಲ್ಲಿ ಹುಟ್ಟಿದ್ದಲ್ಲ. ಮನುಷ್ಯರ ಸುಖಕ್ಕೂ ಹುಟ್ಟಿದ್ದಲ್ಲ. ಅದು ಬೆಳೆದದ್ದು ಕಾಗದಕ್ಕಾಗಿ, ನೂಲಿಗಾಗಿ. ನೂಲು ಅಂದ ಮೇಲೆ ನಮ್ಮ ಬೆಂಗಳೂರಲ್ಲಿ ಎಲ್ಲಿಂದ ಶುರು ಮಾಡ್ಬೇಕು ಹೇಳಿ? ಬಿನ್ನಿಪೇಟೆಯಿಂದಲೇ.

ಗಿರಣಿ ಹೋಯ್ತು, ಹೆಸರು ಉಳೀತು

ಮಾಗಡಿ ರಸ್ತೆ ಮೆಟ್ರೋ ಸ್ಟೇಷನ್‌ನಲ್ಲಿ ಇಳಿದು ಬಿನ್ನಿಪೇಟೆ ಕಡೆ ನಡೆದರೆ ಈಗ ಕಾಣೋದು ಎತ್ತರದ ಅಪಾರ್ಟ್‌ಮೆಂಟು, ಮಾಲು. ಆ ಸ್ಟೇಷನ್ ಶುರುವಾಗಿದ್ದು 2015ರ ನವೆಂಬರ್‌ನಲ್ಲಿ. ಆದರೆ ಈ ಏರಿಯಾಗೆ ಹೆಸರು ಕೊಟ್ಟ ಗಿರಣಿ 1884ರದ್ದು. ಅದರ ಪೂರ್ತಿ ಹೆಸರು ಬೆಂಗಳೂರು ವೂಲನ್, ಕಾಟನ್ ಅಂಡ್ ಸಿಲ್ಕ್ ಮಿಲ್ಸ್. ಉಣ್ಣೆ, ಹತ್ತಿ, ರೇಷ್ಮೆ ಮೂರೂ ಹೆಸರಿನಲ್ಲೇ ಇದೆ. 1886ರಲ್ಲಿ ಮದ್ರಾಸಿನ ಬಿನ್ನಿ ಅಂಡ್ ಕಂಪನಿ ಇದರ ಆಡಳಿತ ವಹಿಸಿಕೊಂಡಿತು. ಜನರ ಬಾಯಲ್ಲಿ ಅದು ಬಿನ್ನಿ ಮಿಲ್ ಆಯ್ತು, ಸುತ್ತಲಿನ ಬಡಾವಣೆ ಬಿನ್ನಿಪೇಟೆ ಆಯ್ತು.

ಒಂದು ಹೋಲಿಕೆ ಹೇಳ್ತೀನಿ. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದಿದ್ದು 1905ರಲ್ಲಿ. ಅಂದ್ರೆ ಗಿರಣಿ ನಮ್ಮ ಊರಿನ ಕರೆಂಟಿಗಿಂತ 21 ವರ್ಷ ದೊಡ್ಡದು. ಪಕ್ಕದಲ್ಲೇ ಕಾಟನ್‌ಪೇಟೆ, ಅರಳೆಪೇಟೆ. ಅರಳೆ ಅಂದ್ರೆ ಹತ್ತಿ. ಈ ಕಡೆ ಬೆಂಗಳೂರಿನ ಅನ್ನ ಹುಟ್ಟುತ್ತಿದ್ದದ್ದು ನೂಲಿನಿಂದ.

ಈಗ ಗಿರಣಿ ಇಲ್ಲ. ಆದರೆ ನೂಲಿಗೂ ಗಾಳಿಗೂ ಇರೋ ಸಂಬಂಧ ಏನು ಅಂತ ತಿಳ್ಕೊಂಡರೆ, ಕಾರಿನ ಡ್ಯಾಶ್‌ಬೋರ್ಡ್ ಒಳಗಿರೋ ಸೆನ್ಸರ್ ಎಲ್ಲಿಂದ ಬಂತು ಅಂತ ಗೊತ್ತಾಗುತ್ತೆ.

ನೂಲಿಗೆ ತೇವ ಬೇಕು, ಮನುಷ್ಯನಿಗೆ?

ಹತ್ತಿ ನೂಲು ಒಣಗಿದರೆ ಪೆಡಸಾಗುತ್ತೆ, ಪಟಪಟ ಕಡಿಯುತ್ತೆ. ಎಳೆ ಎದ್ದು ನಿಲ್ಲುತ್ತೆ, ಧೂಳು ಹಾರುತ್ತೆ. ಚಳಿಗಾಲದಲ್ಲಿ ಸ್ವೆಟರ್ ತೆಗೆಯುವಾಗ ಚಟಪಟ ಅನ್ನುತ್ತಲ್ಲ, ಆ ಸ್ಥಾಯೀ ವಿದ್ಯುತ್ ಎಳೆಗಳ ನಡುವೆಯೂ ಬರುತ್ತೆ. ಗಾಳಿಯಲ್ಲಿ ತೇವ ಇದ್ದರೆ ಹತ್ತಿಯ ಎಳೆ ಗಟ್ಟಿಯಾಗಿರುತ್ತೆ, ಮಾತು ಕೇಳುತ್ತೆ. ಅದಕ್ಕೆ ನೇಯ್ಗೆ ಶೆಡ್ಡಿನಲ್ಲಿ ಸಾಪೇಕ್ಷ ಆರ್ದ್ರತೆ ಶೇ 75ರಿಂದ 85ರಷ್ಟು ಇರಲಿ ಅಂತ ಗಿರಣಿಯವರು ಬಯಸುತ್ತಾರೆ. ಆದರೆ ಮಾರ್ಚ್ ತಿಂಗಳ ಬೆಂಗಳೂರಿನ ಮಧ್ಯಾಹ್ನ ನಿಮಗೇ ಗೊತ್ತು, ಒಗೆದು ಹಾಕಿದ ಬಟ್ಟೆ ಗಂಟೆಯೊಳಗೆ ಗರಿಗರಿ. ಅಂಥ ಒಣ ಗಾಳಿಯಲ್ಲಿ ನೇಯಬೇಕಾದರೆ ಶೆಡ್ಡಿಗೆ ನೀರಿನ ಹಬೆ ಅಥವಾ ತುಂತುರು ಬಿಡಲೇಬೇಕು.

ಇಂಗ್ಲೆಂಡಿನ ಲ್ಯಾಂಕಶೈರ್ ಗಿರಣಿಗಳಲ್ಲಿ 19ನೇ ಶತಮಾನದಲ್ಲಿ ಮಾಡಿದ್ದು ಇದನ್ನೇ. ಶೆಡ್ಡಿನೊಳಗೆ ನೇರವಾಗಿ ಹಬೆ ಬಿಡೋರು. ನೂಲು ಖುಷಿ. ಆದರೆ ಮಗ್ಗದ ಮುಂದೆ ನಿಂತ ಮನುಷ್ಯನಿಗೆ ಬೆವರು ಆರೋದೇ ಇಲ್ಲ. ನಮ್ಮ ಮೈ ತಣ್ಣಗಾಗೋದು ಬೆವರು ಆರುವಾಗ. ಗಾಳಿಯಲ್ಲಿ ಆಗಲೇ ತೇವ ತುಂಬಿದ್ದರೆ ಬೆವರು ಹೋಗೋದಾದರೂ ಎಲ್ಲಿಗೆ? ಬಟ್ಟೆಯೆಲ್ಲ ಒದ್ದೆ, ಕೆಲಸ ಮುಗಿಸಿ ಅದೇ ಒದ್ದೆ ಬಟ್ಟೆಯಲ್ಲಿ ಹೊರಗಿನ ಚಳಿಗೆ ಹೋಗಬೇಕು. ಕಾರ್ಮಿಕರು ಗಲಾಟೆ ಮಾಡಿದರು.

ಆಗ ಪ್ರಶ್ನೆ ಬಂತು. ‘ತುಂಬಾ ಸೆಖೆ’ ಅಂದ್ರೆ ಎಷ್ಟು? ಮಾಲೀಕ ‘ಅಷ್ಟೇನಿಲ್ಲ’ ಅಂತಾನೆ, ಕಾರ್ಮಿಕ ‘ಉಸಿರಾಡೋಕಾಗಲ್ಲ’ ಅಂತಾನೆ. ಇದನ್ನ ತೀರ್ಮಾನ ಮಾಡಿದ್ದು ಎರಡು ಥರ್ಮಾಮೀಟರ್.

ಒಂದು ಮಾಮೂಲಿ ಥರ್ಮಾಮೀಟರ್. ಇನ್ನೊಂದರ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿರ್ತಾರೆ. ಬೇಸಿಗೆಯಲ್ಲಿ ಮಣ್ಣಿನ ಹೂಜಿಯ ನೀರು ಯಾಕೆ ತಣ್ಣಗಿರುತ್ತೆ? ಹೊರಮೈಯಿಂದ ನೀರು ಆವಿಯಾಗುವಾಗ ಬಿಸಿಯನ್ನ ಹೊತ್ಕೊಂಡು ಹೋಗುತ್ತೆ. ಇಲ್ಲೂ ಅಷ್ಟೇ. ಗಾಳಿ ಒಣಗಿದ್ದರೆ ಬಟ್ಟೆ ಬೇಗ ಆರುತ್ತೆ, ಎರಡನೇ ಥರ್ಮಾಮೀಟರ್ ಕೆಳಗಿಳಿಯುತ್ತೆ. ಗಾಳಿಯಲ್ಲಿ ತೇವ ತುಂಬಿದ್ದರೆ ಎರಡೂ ಹೆಚ್ಚುಕಡಿಮೆ ಒಂದೇ ಅಂಕಿ ತೋರಿಸ್ತವೆ. ಎರಡರ ನಡುವಿನ ವ್ಯತ್ಯಾಸ ನೋಡಿ ತೇವದ ಲೆಕ್ಕ ಹಾಕಬಹುದು. ಜರ್ಮನಿಯ ಅರ್ನ್ಸ್ಟ್ ಫರ್ಡಿನೆಂಡ್ ಆಗಸ್ಟ್ 1825ರಲ್ಲಿ ಈ ಜೋಡಿಗೆ ‘ಸೈಕ್ರೋಮೀಟರ್’ ಅಂತ ಹೆಸರಿಟ್ಟ.

1889ರಲ್ಲಿ ಬ್ರಿಟನ್ ಕಾಟನ್ ಕ್ಲಾತ್ ಫ್ಯಾಕ್ಟರೀಸ್ ಆ್ಯಕ್ಟ್ ತಂದಿತು. ಹಬೆ ಬಿಡುವ ಶೆಡ್ಡುಗಳಲ್ಲಿ ಈ ಜೋಡಿ ಥರ್ಮಾಮೀಟರ್ ಇಡಲೇಬೇಕು, ಇಂತಿಷ್ಟು ಬಿಸಿಗೆ ಇಂತಿಷ್ಟೇ ತೇವ, ಅದಕ್ಕಿಂತ ಹೆಚ್ಚು ಇರಬಾರದು. ಗಮನಿಸಿ, ಅದುವರೆಗೆ ನೂಲಿನ ಪರವಾಗಿ ಮಾತಾಡ್ತಿದ್ದ ಅಳತೆ ಈಗ ಮನುಷ್ಯರ ಪರವಾಗಿಯೂ ಸಾಕ್ಷಿ ಹೇಳೋಕೆ ಶುರು ಮಾಡಿತು.

ನಮ್ಮ ದೇಶಕ್ಕೆ ಬನ್ನಿ. 1948ರ ಕಾರ್ಖಾನೆಗಳ ಕಾಯ್ದೆಯ 13ನೇ ಸೆಕ್ಷನ್ನು ಗಾಳಿ ಮತ್ತು ಉಷ್ಣತೆ ಬಗ್ಗೆ, 15ನೇ ಸೆಕ್ಷನ್ನು ಕೃತಕವಾಗಿ ತೇವ ಹೆಚ್ಚಿಸೋದರ ಬಗ್ಗೆ ಇತ್ತು. ತೇವವನ್ನ ಸರಿಯಾಗಿ ಅಳೆದು ಬರೆದಿಡುವ ನಿಯಮ ಮಾಡೋ ಅಧಿಕಾರವನ್ನ ಅದು ರಾಜ್ಯ ಸರ್ಕಾರಕ್ಕೆ ಕೊಟ್ಟಿತ್ತು. ಶೆಡ್ಡಿಗೆ ತುಂತುರು ಬಿಡುವ ನೀರು ಕುಡಿಯುವ ನೀರಿನ ಮೂಲದ್ದಾಗಿರಬೇಕಿತ್ತು, ಇಲ್ಲದಿದ್ದರೆ ಶುದ್ಧ ಮಾಡಿರಬೇಕಿತ್ತು. ಯಾಕಂದ್ರೆ ಆ ನೀರು ಹೋಗೋದು ಕಾರ್ಮಿಕರ ಶ್ವಾಸಕೋಶಕ್ಕೆ. ಬಿಕಾಂನಲ್ಲಿ ಕಾಯ್ದೆಗಳ ಸೆಕ್ಷನ್ ನಂಬರ್ ಬಾಯಿಪಾಠ ಮಾಡಿಸ್ತಾರೆ. ಒಂದೊಂದು ನಂಬರ್ ಹಿಂದೆಯೂ ಎಷ್ಟು ಜನರ ಬೆವರಿದೆ ಅಂತ ಯಾವ ಗೈಡಲ್ಲೂ ಇರೋದಿಲ್ಲ.

‘ಏರ್ ಕಂಡೀಷನಿಂಗ್’ ಅನ್ನೋ ಮಾತು ಹುಟ್ಟಿದ್ದು

ಈಗ ಅಮೆರಿಕಕ್ಕೆ ಒಂದು ಸಣ್ಣ ಪ್ರಯಾಣ. 1902. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಸ್ಯಾಕೆಟ್ ಅಂಡ್ ವಿಲ್ಹೆಮ್ಸ್ ಅನ್ನೋ ಪ್ರಿಂಟಿಂಗ್ ಪ್ರೆಸ್. ಬಣ್ಣದ ಮುದ್ರಣ ಅಂದ್ರೆ ಒಂದೇ ಹಾಳೆ ಮೇಲೆ ಒಂದಾದ ಮೇಲೆ ಒಂದು ಬಣ್ಣ ಕೂರಿಸ್ಬೇಕು. ಗಾಳಿಯ ತೇವ ಹೆಚ್ಚುಕಡಿಮೆಯಾದರೆ ಕಾಗದ ಹಿಗ್ಗುತ್ತೆ, ಕುಗ್ಗುತ್ತೆ, ಬಣ್ಣ ಪಕ್ಕಕ್ಕೆ ಸರಿಯುತ್ತೆ. ಇದನ್ನ ಸರಿಪಡಿಸೋಕೆ ವಿಲ್ಲಿಸ್ ಕ್ಯಾರಿಯರ್ ಅನ್ನೋ ಯುವ ಎಂಜಿನಿಯರ್ ಒಂದು ವ್ಯವಸ್ಥೆಯ ನಕ್ಷೆ ಮಾಡಿದ. ಆಗ ಅವನಿಗೆ 25 ವರ್ಷ. ನಮ್ಮಲ್ಲಿ ಬಹಳ ಜನರಿಗಿಂತ ಚಿಕ್ಕವನು. ಇವತ್ತಿನ ಎಸಿಯ ಹುಟ್ಟು ಅಂತ ಹೇಳೋದು ಇದನ್ನೇ.

ಆದರೆ ‘ಏರ್ ಕಂಡೀಷನಿಂಗ್’ ಅನ್ನೋ ಮಾತು ಕೊಟ್ಟವನು ಕ್ಯಾರಿಯರ್ ಅಲ್ಲ. ನಾರ್ತ್ ಕೆರೊಲಿನಾದ ಸ್ಟುವರ್ಟ್ ಕ್ರೇಮರ್, ಹತ್ತಿ ಗಿರಣಿಗಳಿಗೆ ಕೆಲಸ ಮಾಡ್ತಿದ್ದ ಎಂಜಿನಿಯರ್, 1906ರಲ್ಲಿ ಅದನ್ನ ಬಳಸಿದ. ಜವಳಿಯವರು ನೂಲನ್ನ ಹದಕ್ಕೆ ತರೋದಕ್ಕೆ ಆಗಲೇ ‘ಕಂಡೀಷನಿಂಗ್’ ಅಂತಿದ್ದರು. ನೂಲನ್ನ ಹದ ಮಾಡೋ ಬದಲು ಅದರ ಸುತ್ತಲಿನ ಗಾಳಿಯನ್ನೇ ಹದ ಮಾಡೋಣ ಅನ್ನೋದು ಕ್ರೇಮರ್ ಹೇಳಿದ ಮಾತು. ನಾವು ದಿನಾ ಹೇಳೋ ‘ಎಸಿ’ಯ ಮೊದಲ ಅಕ್ಷರದಿಂದಲೇ ಹತ್ತಿಯ ವಾಸನೆ ಬರುತ್ತೆ.

ಮಷೀನಿಗೆ ಸೆಖೆ ಗೊತ್ತಾಗೋದು ಹೇಗೆ?

ಅಳೆದರೆ ಸಾಲದು, ಅಳತೆ ನೋಡಿ ಯಾರಾದರೂ ಕೆಲಸ ಮಾಡಬೇಕಲ್ಲ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ವಾರೆನ್ ಜಾನ್ಸನ್ ಅಂತ ಒಬ್ಬ ಮೇಷ್ಟ್ರು. ಚಳಿಗಾಲದಲ್ಲಿ ಕಾಲೇಜಿನ ಜವಾನ ಪ್ರತಿ ಕ್ಲಾಸಿಗೂ ಬಂದು ಥರ್ಮಾಮೀಟರ್ ನೋಡ್ಕೊಂಡು ಹೋಗಿ, ನೆಲಮಾಳಿಗೆಯಲ್ಲಿ ಬಿಸಿಗಾಳಿಯ ಬಾಗಿಲು ತೆಗೆಯೋದು, ಮುಚ್ಚೋದು ಮಾಡ್ತಿದ್ದ. ಪಾಠ ನಡುವೆ ನಿಲ್ಲೋದು. ಜಾನ್ಸನ್ 1883ರಲ್ಲಿ ಒಂದು ವಿದ್ಯುತ್ ಥರ್ಮೋಸ್ಟ್ಯಾಟ್‌ಗೆ ಪೇಟೆಂಟ್ ತಗೊಂಡ. ಕೋಣೆ ತಣ್ಣಗಾದರೆ ನೆಲಮಾಳಿಗೆಯಲ್ಲಿ ಗಂಟೆ ಬಾರಿಸುತ್ತೆ. ಜವಾನ ಮೇಲೆ ಬರೋದೇ ಬೇಡ. 1885ರಲ್ಲಿ ಅವನು ಕಟ್ಟಿದ ಕಂಪನಿಯೇ ಇವತ್ತಿನ ಜಾನ್ಸನ್ ಕಂಟ್ರೋಲ್ಸ್.

ಕಾರಿನ ಸೆನ್ಸರ್‌ನ ಬೇರು ಇನ್ನೂ ಹಿಂದಿದೆ. 1833ರಲ್ಲಿ ಮೈಕೇಲ್ ಫ್ಯಾರಡೆ ಸಿಲ್ವರ್ ಸಲ್ಫೈಡ್ ಅನ್ನೋ ವಸ್ತುವಿನಲ್ಲಿ ಒಂದು ವಿಚಿತ್ರ ನೋಡಿದ. ತಾಮ್ರದಂಥ ಲೋಹ ಬಿಸಿಯಾದರೆ ಕರೆಂಟಿಗೆ ಅಡ್ಡಿ ಜಾಸ್ತಿ ಮಾಡುತ್ತೆ. ಇದು ಉಲ್ಟಾ, ಬಿಸಿಯಾದಷ್ಟೂ ಅಡ್ಡಿ ಕಡಿಮೆ. ಅದರಿಂದ ಉಪಯೋಗಕ್ಕೆ ಬರೋ ವಸ್ತು ಮಾಡೋಕೆ ಸುಮಾರು ನೂರು ವರ್ಷ ಹಿಡೀತು. 1930ರಲ್ಲಿ ಸ್ಯಾಮ್ಯುಯೆಲ್ ರೂಬೆನ್ ಥರ್ಮಿಸ್ಟರ್ ರೂಪಿಸಿದ. ನಿಮ್ಮ ಜೇಬಿನಲ್ಲಿರೋ ಫೋನ್ ‘ತುಂಬಾ ಬಿಸಿಯಾಗಿದೆ’ ಅಂತ ಹೇಳೋದಕ್ಕೂ ಇದೇ ಜಾತಿಯ ಥರ್ಮಿಸ್ಟರ್ ಕಾರಣ.

ಬೆಲ್ಟ್ ಬಿಚ್ಚಿ ಎಸಿ ಆಫ್ ಮಾಡಿದ ಕಾಲ

ಕಾರಿಗೆ ಎಸಿ ಬಂದಾಗ ಸೆನ್ಸರ್ ಬರಲೇ ಇಲ್ಲ. 1939ರಲ್ಲಿ ಅಮೆರಿಕದ ಪ್ಯಾಕಾರ್ಡ್ ಕಂಪನಿ ಫ್ಯಾಕ್ಟರಿಯಲ್ಲೇ ಎಸಿ ಕೂರಿಸಿದ ಕಾರು ತೋರಿಸಿತು. ತಣ್ಣಗೆ ಮಾಡೋ ಕಾಯಿಲ್ ಹಿಂದಿನ ಡಿಕ್ಕಿಯಲ್ಲಿ. ಕಂಪ್ರೆಸರ್‌ಗೆ ಕ್ಲಚ್ ಇಲ್ಲ, ಉಷ್ಣತೆ ನಿಯಂತ್ರಣ ಇಲ್ಲ. ಎಂಜಿನ್ ಓಡಿದಷ್ಟು ಹೊತ್ತು ಕಂಪ್ರೆಸರ್ ಓಡುತ್ತೆ. ಚಳಿಗಾಲದಲ್ಲಿ ಬೇಡ ಅನ್ನಿಸಿದರೆ ಎಂಜಿನ್ ನಿಲ್ಲಿಸಿ, ಬಾನೆಟ್ ಎತ್ತಿ, ಬೆಲ್ಟ್ ಬಿಚ್ಚಬೇಕು! ಜನ ಕೊಳ್ಳಲಿಲ್ಲ. ಕೆಲವೇ ವರ್ಷದಲ್ಲಿ ಪ್ಯಾಕಾರ್ಡ್ ಅದನ್ನ ಕೈಬಿಟ್ಟಿತು.

1954ರಲ್ಲಿ ನ್ಯಾಶ್ ಕಂಪನಿ ಬಿಸಿ, ತಂಪು ಎರಡನ್ನೂ ಕಾರಿನ ಮುಂಭಾಗಕ್ಕೇ ತಂದು ಡ್ಯಾಶ್‌ಬೋರ್ಡಿನಿಂದ ನಡೆಸೋ ಹಾಗೆ ಮಾಡಿತು. 1964ರಲ್ಲಿ ಕ್ಯಾಡಿಲ್ಯಾಕ್ ‘ಕಂಫರ್ಟ್ ಕಂಟ್ರೋಲ್’ ತಂದಿತು. ನೀವು ಒಂದು ಅಂಕಿ ಇಡಿ, ಉಳಿದದ್ದನ್ನ ಥರ್ಮಿಸ್ಟರ್‌ಗಳು ನೋಡ್ಕೊಳ್ತವೆ. ಗಿರಣಿಯ ಶೆಡ್ಡಿನಲ್ಲಿ ಬೆಳೆದ ವಿದ್ಯೆ ಕಾರಿನ ಸೀಟಿಗೆ ಬಂದು ಕೂತಿದ್ದು ಹೀಗೆ.

ನಮ್ಮಲ್ಲಿ? ಮಾರುತಿ 800 ರಸ್ತೆಗಿಳಿದಿದ್ದು 1983ರ ಡಿಸೆಂಬರ್‌ನಲ್ಲಿ. 1985ರಲ್ಲಿ ಸುಬ್ರೋಸ್ ಅನ್ನೋ ಕಂಪನಿ ಜಪಾನಿನ ಡೆನ್ಸೊ, ಸುಜುಕಿ ಜೊತೆಗೂಡಿ ಇಲ್ಲೇ ಕಾರ್ ಎಸಿ ಮಾಡೋಕೆ ಹುಟ್ಟಿಕೊಂಡಿತು. ಆಗೆಲ್ಲ ಎಸಿ ಕಾರು ಅಂದ್ರೆ ಬೀದಿಯವರೆಲ್ಲ ಬಂದು ನೋಡೋ ಐಷಾರಾಮ. ಬೆಂಗಳೂರಲ್ಲಂತೂ ‘ನಮ್ಮೂರಿಗೆ ಎಸಿ ಯಾಕ್ರೀ?’ ಅನ್ನೋರು. 2016ರ ಏಪ್ರಿಲ್‌ನಲ್ಲಿ ಇದೇ ಊರು 39.2 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. ಆಮೇಲೆ ಆ ಪ್ರಶ್ನೆ ಅಷ್ಟಾಗಿ ಕೇಳಿಸ್ತಿಲ್ಲ.

22 ಸಾವಿರದ ಕೊಟೇಶನ್

ಈಗ ನಮ್ಮ ಮಾವನ ಕಾರಿನ ವಿಷಯ. 2006ರ ಹ್ಯಾಚ್‌ಬ್ಯಾಕ್. ಮೊಣಕಾಲು ನೋವಿರೋ ನಮ್ಮ ಅಜ್ಜಿಯನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋದು, ಬರೋದು ಅದರಲ್ಲೇ. ಏಪ್ರಿಲ್‌ನಲ್ಲಿ ಎಸಿ ನಿಂತುಹೋಯ್ತು. ಬ್ಲೋವರ್ ಗಾಳಿ ಬರುತ್ತೆ, ತಂಪಿಲ್ಲ. ಒಂದು ಗ್ಯಾರೇಜಿನಲ್ಲಿ ಮೊದಲು ಗ್ಯಾಸ್ ತುಂಬಿಸಿದರು. ಆಗಲಿಲ್ಲ. ಆಮೇಲೆ ಕಂಪ್ರೆಸರ್ ಬದಲಾಯಿಸಬೇಕು, 22 ಸಾವಿರ ಅಂದರು. ಮಾರಿದರೆ ಆ ಕಾರಿಗೆ ಅರವತ್ತೋ ಎಪ್ಪತ್ತೋ ಸಾವಿರ ಬರಬಹುದು. ಕಾರಿನ ಬೆಲೆಯ ಮೂರರಲ್ಲೊಂದು ಭಾಗ ಬರೀ ಎಸಿಗೆ. ಮಾವ ‘ಬಿಡು, ಕಿಟಕಿ ಇಳಿಸ್ಕೊಂಡು ಹೋದ್ರಾಯ್ತು’ ಅಂದರು. ಅಜ್ಜಿ ಏನೂ ಅನ್ನಲಿಲ್ಲ. ಸೆರಗಿನಲ್ಲಿ ಗಾಳಿ ಬೀಸ್ಕೊಂಡು ಕೂತಿರ್ತಿದ್ದರು.

ಬಿನ್ನಿಪೇಟೆಯ ಒಂದು ಗಲ್ಲಿಯಲ್ಲಿ ಕಾರಿನ ವೈರಿಂಗ್ ಕೆಲಸ ಮಾಡೋ ಹಿರಿಯರೊಬ್ಬರಿದ್ದಾರೆ. ನಾನೂ ಮಾವನೂ ಅಲ್ಲಿಗೆ ಹೋದೆವು. ಅವರು ಸ್ಪ್ಯಾನರ್ ಮುಟ್ಟಲಿಲ್ಲ. ಎಂಜಿನ್ ಆನ್ ಮಾಡಿಸಿ, ಎಸಿ ಬಟನ್ ಒತ್ತಿಸಿ ಸುಮ್ಮನೆ ಕಿವಿಗೊಟ್ಟು ನಿಂತರು. ‘ಟಕ್ ಅಂತ ಸದ್ದು ಬರ್ಬೇಕಲ್ಲಪ್ಪ, ಬರ್ತಿಲ್ಲ’ ಅಂದರು. ಆ ‘ಟಕ್’ ಅನ್ನೋದು ಕಂಪ್ರೆಸರ್‌ನ ಕ್ಲಚ್ ಹಿಡಿಯೋ ಸದ್ದು. ಆಮೇಲೆ ಗೇಜ್ ಹಾಕಿ ಗ್ಯಾಸ್ ಒತ್ತಡ ನೋಡಿದರು, ಸರಿಯಾಗಿತ್ತು. ‘ಕಂಪ್ರೆಸರ್ ಕೆಟ್ಟಿಲ್ಲ ಸ್ವಾಮಿ, ಅದಕ್ಕೆ ಓಡು ಅಂತ ಯಾರೂ ಹೇಳ್ತಿಲ್ಲ’ ಅಂದರು.

ಯಾಕೆ ಹೇಳ್ತಿಲ್ಲ? ಇಲ್ಲಿ ಸ್ವಲ್ಪ ನಿಧಾನವಾಗಿ ಕೇಳಿ.

ಡ್ಯಾಶ್‌ಬೋರ್ಡ್ ಒಳಗೆ ಇವಾಪೊರೇಟರ್ ಅಂತ ಒಂದು ಕಾಯಿಲ್ ಇದೆ. ತಂಪು ಹುಟ್ಟೋದು ಅಲ್ಲಿ. ಅದು ಸೊನ್ನೆ ಡಿಗ್ರಿಗಿಂತ ಕೆಳಗೆ ಹೋದರೆ ಗಾಳಿಯ ತೇವ ಅದರ ಮೇಲೆ ಮಂಜುಗಡ್ಡೆಯಾಗಿ ಗಾಳಿಗೇ ದಾರಿ ಇರೋದಿಲ್ಲ. ಹಾಗಾಗದಿರಲಿ ಅಂತ ಕಾಯಿಲ್‌ಗೆ ಒಂದು ಥರ್ಮಿಸ್ಟರ್ ಸಿಕ್ಕಿಸಿರ್ತಾರೆ. ಸೊನ್ನೆಯ ಹತ್ತಿರ ಬಂತು ಅಂದರೆ ಕಂಪ್ರೆಸರ್ ನಿಲ್ಲಿಸು, ಸ್ವಲ್ಪ ಬಿಸಿಯಾದರೆ ಮತ್ತೆ ಓಡಿಸು. ಇನ್ನೂ ಹಳೇ ಕಾರುಗಳಲ್ಲಿ ಇದೇ ಕೆಲಸಕ್ಕೆ ಸಣ್ಣ ತಾಮ್ರದ ಕೊಳವೆ ಇರೋ ಮೆಕ್ಯಾನಿಕಲ್ ಥರ್ಮೋಸ್ಟ್ಯಾಟ್ ಇರ್ತಿತ್ತು.

ಈಗ ಥರ್ಮಿಸ್ಟರ್‌ನ ಸ್ವಭಾವ ನೆನಪಿಸ್ಕೊಳ್ಳಿ. ತಣ್ಣಗಾದಷ್ಟೂ ಅಡ್ಡಿ ಜಾಸ್ತಿ. ಅದರ ವೈರ್ ಕಡಿದುಹೋದರೆ? ಅಡ್ಡಿ ಅನಂತ. ಕಂಟ್ರೋಲ್ ಬಾಕ್ಸಿಗೆ ಅದು ಕಾಣೋದು ‘ವೈರ್ ಕಡಿದಿದೆ’ ಅಂತ ಅಲ್ಲ, ‘ಇಲ್ಲಿ ಭಯಂಕರ ಚಳಿ’ ಅಂತ. ಹೊರಗೆ 36 ಡಿಗ್ರಿ ಬಿಸಿಲು, ಕಾರು ಮಾತ್ರ ತಾನು ಹಿಮಾಲಯದಲ್ಲಿದ್ದೀನಿ ಅಂದ್ಕೊಂಡಿದೆ. ಕಂಪ್ರೆಸರ್ ಯಾಕೆ ಓಡಿಸುತ್ತೆ?

ಹಿರಿಯರು ಸೆನ್ಸರ್‌ನ ಕನೆಕ್ಟರ್ ಬಿಚ್ಚಿ ಮಲ್ಟಿಮೀಟರ್ ಇಟ್ಟರು. ಅಂಕಿಯೇ ಬರಲಿಲ್ಲ. ಸೆನ್ಸರ್ ಜಾಗದಲ್ಲಿ ಒಂದು ಮಾಮೂಲಿ ರೆಸಿಸ್ಟರ್ ಇಟ್ಟು ಕ್ಷಣಕಾಲ ಕಾರಿಗೆ ‘ಇಲ್ಲಿ ಬಿಸಿ ಇದೆ’ ಅಂತ ಹೇಳಿಸಿದರು. ಟಕ್!

ಹೊಸ ಸೆನ್ಸರ್ ಜೆ.ಸಿ. ರಸ್ತೆಯಲ್ಲಿ ಸಿಕ್ಕಿತು. ಸೆನ್ಸರು, ಕೂಲಿ ಎಲ್ಲಾ ಸೇರಿ 1,500 ರೂಪಾಯಿ ಒಳಗೆ ಮುಗೀತು. ಹಾಕೋಕೆ ಮುಂಚೆ ಅವರು ಅದನ್ನ ಒಂದು ಲೋಟ ಐಸ್ ನೀರಿನಲ್ಲಿ ಅದ್ದಿ ತೋರಿಸಿದರು. ಮೀಟರ್‌ನ ಅಂಕಿ ಏರ್ತಾ ಏರ್ತಾ ಹೋಗಿ ಒಂದು ಕಡೆ ನಿಂತಿತು. ಈ ಜಾತಿಯ ಸೆನ್ಸರ್‌ಗಳಲ್ಲಿ 25 ಡಿಗ್ರಿಯಲ್ಲಿರೋ ಅಡ್ಡಿ ಸೊನ್ನೆ ಡಿಗ್ರಿಗೆ ಬಂದಾಗ ಸುಮಾರು ಮೂರು ಪಟ್ಟಾಗುತ್ತೆ. ಸರಿಯಾದ ಅಂಕಿ ಕಾರಿನಿಂದ ಕಾರಿಗೆ ಬೇರೆ, ಮ್ಯಾನುಯಲ್‌ನಲ್ಲಿ ಇರುತ್ತೆ. ಪರೀಕ್ಷೆಗೆ ಐಸ್ ನೀರೇ ಯಾಕೆ? ಕರಗ್ತಿರೋ ಐಸ್ ಎಲ್ಲಿ ಹೋದರೂ ಸೊನ್ನೆ ಡಿಗ್ರಿ. ಕುದಿಯೋ ನೀರನ್ನ ನಂಬೋ ಹಾಗಿಲ್ಲ. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರ್‌ಗಿಂತ ಎತ್ತರದಲ್ಲಿರೋದರಿಂದ ನಮ್ಮ ಅಡುಗೆಮನೆಯಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತೆ.

ಸೆನ್ಸರ್ ಎಲ್ಲಿದೆ, ಯಾರ ಮಾತು ಕೇಳ್ತಿದೆ?

ಇದು ಒಂದು ಸೆನ್ಸರ್ ಕಥೆ. ಆಟೋಮ್ಯಾಟಿಕ್ ಎಸಿ ಇರೋ ಹಳೇ ಕಾರಾದರೆ ಇನ್ನೂ ನಾಲ್ಕು ಸಾಕ್ಷಿಗಳಿರ್ತಾರೆ.

ಮೊದಲನೆಯದು ಹೊರಗಿನ ಗಾಳಿಯ ಸೆನ್ಸರ್. ಇರೋದು ಮುಂದಿನ ಬಂಪರ್ ಅಥವಾ ಗ್ರಿಲ್ ಹಿಂದೆ. ಸಣ್ಣ ಆಕ್ಸಿಡೆಂಟ್ ಆಗಿ ಬಂಪರ್ ಬದಲಾಯಿಸಿದಾಗ ಇದನ್ನ ಎಲ್ಲೋ ನೇತಾಡೋಕೆ ಬಿಟ್ಟಿರ್ತಾರೆ. ಕನೆಕ್ಟರ್ ಕಳಚಿದ್ದರೆ ಕಾರಿಗೆ ಮತ್ತೆ ‘ಚಳಿ’, ಕೆಲವು ಕಾರು ಆಗಲೂ ಕಂಪ್ರೆಸರ್ ಓಡಿಸಲ್ಲ. ಮೀಟರ್‌ನಲ್ಲಿ ಹೊರಗಿನ ಉಷ್ಣತೆ ಮೈನಸ್ ಅಂತ ತೋರಿಸಿದರೆ ಮೊದಲು ಇಲ್ಲಿ ನೋಡಿ.

ಎರಡನೆಯದು ಒಳಗಿನ ಸೆನ್ಸರ್. ಡ್ಯಾಶ್‌ಬೋರ್ಡ್‌ನಲ್ಲಿ ಸಣ್ಣ ಜಾಲರಿ ಕಾಣುತ್ತಲ್ಲ, ಅದರ ಹಿಂದೆ. ಸಣ್ಣ ಫ್ಯಾನ್ ಅಥವಾ ಕೊಳವೆ ಒಳಗಿನ ಗಾಳಿಯನ್ನ ಅದರ ಮೇಲೆ ಎಳೆಯುತ್ತೆ. ಹತ್ತು ವರ್ಷದ ಧೂಳು ಕೂತರೆ ಗಾಳಿ ಆಡಲ್ಲ. ಆಗ ಅದು ಹೇಳೋದು ನಿಮ್ಮ ಸೆಖೆ ಅಲ್ಲ, ಡ್ಯಾಶ್‌ಬೋರ್ಡಿನದ್ದು.

ಮೂರನೆಯದು ಬಿಸಿಲಿನ ಸೆನ್ಸರ್. ಗಾಜಿನ ಹತ್ತಿರ ಡ್ಯಾಶ್‌ಬೋರ್ಡ್ ಮೇಲೆ ಸಣ್ಣ ಕಪ್ಪು ಗುಬ್ಬಿ. ಇದು ಅಳೆಯೋದು ಬೆಳಕನ್ನ. ಅದರ ಮೇಲೇ ನಾವು ಗಣಪನನ್ನ ಕೂರಿಸಿರ್ತೀವಿ, ಇಲ್ಲಾಂದ್ರೆ ಪಾರ್ಕಿಂಗ್ ಚೀಟಿ ಇಟ್ಟಿರ್ತೀವಿ. ಕಾರು ನೆರಳಲ್ಲಿದ್ದೀನಿ ಅಂದ್ಕೊಳ್ಳುತ್ತೆ. ಗಣಪನನ್ನ ನಾಲ್ಕು ಇಂಚು ಪಕ್ಕಕ್ಕೆ ಕೂರಿಸಿದರೆ ಸಾಕು.

ನಾಲ್ಕನೆಯದು ಎಂಜಿನ್ ಕೂಲಂಟ್ ಸೆನ್ಸರ್. ಟ್ರಾಫಿಕ್‌ನಲ್ಲಿ ಎಂಜಿನ್ ವಿಪರೀತ ಬಿಸಿಯಾದರೆ ಕಾರು ಬೇಕಂತಲೇ ಎಸಿ ನಿಲ್ಲಿಸುತ್ತೆ. ಇದು ಎಸಿ ಕೆಟ್ಟಿದ್ದಲ್ಲ, ಎಂಜಿನ್ ಪ್ರಾಣ ಉಳಿಸ್ಕೊಳ್ತಿರೋದು. ಇದನ್ನ ಮಾತ್ರ ಬೈಪಾಸ್ ಮಾಡಿಸೋಕೆ ಹೋಗಬೇಡಿ.

ಗ್ಯಾಸ್ ವಿಷಯ ಒಂದು ಮಾತು. 2000ದ ದಶಕದ ನಮ್ಮ ಕಾರುಗಳಲ್ಲಿ ಇರೋದು ಆರ್134ಎ. ವಾತಾವರಣಕ್ಕೆ ಬಿಟ್ಟರೆ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡ್‌ಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಭೂಮಿಯನ್ನ ಬಿಸಿ ಮಾಡುತ್ತೆ. ಸೆನ್ಸರ್ ಕೆಟ್ಟಿರೋ ಕಾರಿನ ಗ್ಯಾಸ್ ಸುಮ್ಮನೆ ಹೊರಬಿಟ್ಟು ಹೊಸದು ತುಂಬಿಸಿದರೆ ನಿಮ್ಮ ದುಡ್ಡೂ ಹೋಯ್ತು, ಊರಿನ ಸೆಖೆಯೂ ಏರ್ತು. ಒಂದು ಮಲ್ಟಿಮೀಟರ್ ಎಸ್.ಪಿ. ರಸ್ತೆಯಲ್ಲಿ ಕೆಲವೇ ನೂರು ರೂಪಾಯಿಗೆ ಸಿಗುತ್ತೆ. ನೀವೇ ರಿಪೇರಿ ಮಾಡಿ ಅಂತ ಹೇಳ್ತಿಲ್ಲ. ‘ಅಳೆದು ತೋರಿಸಿ’ ಅಂತ ಕೇಳಿ. ಆಡಿಟ್ ಮಾಡೋರು ವೋಚರ್ ನೋಡದೆ ಲೆಜರ್ ನಂಬೋದಿಲ್ಲ. ಕೊಟೇಶನ್‌ಗೂ ಅದೇ ರೂಲ್.

ಕೊನೆಗೆ

ಈ ಚರಿತ್ರೆ ಓದ್ತಾ ನನಗೆ ಮತ್ತೆ ಮತ್ತೆ ಕಂಡಿದ್ದು ಒಂದೇ ವಿಷಯ. ಮಷೀನಿಗೆ ಸೆಖೆ ಗೊತ್ತಿಲ್ಲ. ಅದಕ್ಕೆ ಗೊತ್ತಿರೋದು ಸೆನ್ಸರ್ ಹೇಳಿದ್ದು ಮಾತ್ರ. ಸೆನ್ಸರನ್ನ ನೂಲಿಗಾಗಿ ಇಟ್ಟರೆ ನೂಲು ಸುಖವಾಗಿರುತ್ತೆ. ಪಕ್ಕದಲ್ಲಿ ನಿಂತವರ ಸಂಕಟ ಲೆಕ್ಕಕ್ಕೇ ಬರೋದಿಲ್ಲ. ಅವರ ಸಂಕಟವನ್ನೂ ಅಳೆಯಿರಿ, ಬರೆದಿಡಿ ಅಂತ ಹೇಳೋಕೆ ಒಂದು ಕಾಯ್ದೆ ಬೇಕಾಯ್ತು, ಅದಕ್ಕೆ ಮುಂಚೆ ಜನರ ಜಗಳ ಬೇಕಾಯ್ತು.

ಇವತ್ತಿಗೂ ಅಷ್ಟೇ. ನನ್ನ ಪಕ್ಕದಲ್ಲಿ ಕಾರಿನಲ್ಲಿ ಕೂತ ಅಜ್ಜಿಗೆ ಐದು ಸೆನ್ಸರ್ ಇವೆ. ಸಿಗ್ನಲ್‌ನಲ್ಲಿ ಅದೇ ಕಾರಿನ ಪಕ್ಕ ಬಿಸಿಲಲ್ಲಿ ನಿಂತ ಡೆಲಿವರಿ ಹುಡುಗನಿಗೆ ಒಂದೂ ಇಲ್ಲ. ಅವನ ಆ್ಯಪ್ ಸಮಯ ಅಳೆಯುತ್ತೆ, ದೂರ ಅಳೆಯುತ್ತೆ, ಸ್ಟಾರ್ ಅಳೆಯುತ್ತೆ. ಸೆಖೆ ಅಳೆಯೋದಿಲ್ಲ. ತಗಡಿನ ಶೀಟಿನ ಕೆಳಗೆ ಹೊಲಿಗೆ ಮಷೀನ್ ಮುಂದೆ ಕೂತವರನ್ನೂ ನೆನಪಿಸ್ಕೊಳ್ಳಿ. 1889ರ ಕಾಯ್ದೆಯಿಂದ ನೇಕಾರರಿಗೆ ಸಿಕ್ಕಿದ್ದು ಎಸಿ ಅಲ್ಲ, ಶೆಡ್ಡಿನಲ್ಲಿ ಎರಡು ಥರ್ಮಾಮೀಟರ್.

ಬಿನ್ನಿಪೇಟೆ, ಕಾಟನ್‌ಪೇಟೆ, ಮಾಗಡಿ ರಸ್ತೆ ಕಡೆಯ ಕೇಳುಗರಲ್ಲಿ ಒಂದು ವಿನಂತಿ. ನಿಮ್ಮ ಮನೆಯಲ್ಲಿ ತಾತನೋ ಅಜ್ಜಿಯೋ ಯಾವುದೇ ಗಿರಣಿಯಲ್ಲಿ ಕೆಲಸ ಮಾಡಿದ್ದರೆ ಒಂದು ಪ್ರಶ್ನೆ ಕೇಳಿ: ಶೆಡ್ಡಿನಲ್ಲಿ ಥರ್ಮಾಮೀಟರ್ ಎಲ್ಲಿತ್ತು, ಅದನ್ನ ಯಾರು ನೋಡ್ತಿದ್ದರು? ಅವರು ಹೇಳಿದ್ದನ್ನ ಫೋನಿನಲ್ಲಿ ರೆಕಾರ್ಡ್ ಮಾಡಿ ಇಟ್ಕೊಳ್ಳಿ, ನಮಗೂ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಅವರ ದನಿಯಲ್ಲೇ ಕೇಳೋಣ.

ಅಲ್ಲಿವರೆಗೂ ನೀರು ಜಾಸ್ತಿ ಕುಡೀರಿ. ಯಾರಾದರೂ ‘ಕಂಪ್ರೆಸರ್ ಹೋಗಿದೆ’ ಅಂದರೆ, ಮೊದಲು ಆ ‘ಟಕ್’ ಸದ್ದು ಬರ್ತಿದೆಯಾ ಅಂತ ಕೇಳಿಸ್ಕೊಳ್ಳಿ. ನಮಸ್ಕಾರ.